‘ನಮ್ ಹೆಂಗಸ್ರಿಗೇನಾಗ್ತದೆ’ ಎಂಬ ಸುಳ್ಳು

ಮುಟ್ಟು ನಿಲ್ಲುವ ಕಾಲದ ಕಷ್ಟದ ಮಾತು ಎತ್ತಿದರೆ ನಮ್ಮ ಕಡೆ ಒಂದೇ ಉತ್ತರ ಸಿದ್ಧವಾಗಿರುತ್ತದೆ: ‘ಅದೆಲ್ಲ ಬೆಂಗಳೂರಿನೋರ ಕಾಯಿಲೆ. ನಮ್ ಹೆಂಗಸ್ರು ರಾಗಿಮುದ್ದೆ ತಿಂತಾರೆ, ಸೊಪ್ಪುಸದೆ ತಿಂತಾರೆ, ಹೊತ್ತು ಹುಟ್ಟಿದಾಗಿಂದ ಗೇಯ್ತಾರೆ. ಅವರಿಗೇನಾಗ್ತದೆ?’ ನಮ್ಮ ಕಡೆ ಅಂದರೆ ಹಿಂದೆ ವಡಿಗೇನಹಳ್ಳಿ ಎನಿಸಿಕೊಂಡಿದ್ದ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ರೇಷ್ಮೆಗೂಡಿನ ಊರು. ಈ ಮಾತನ್ನು ಟೀ ಅಂಗಡಿಯ ಗಂಡಸರು ಹೇಳುತ್ತಾರೆ. ತಾವೂ ಒಂದು ಕಾಲಕ್ಕೆ ರಾತ್ರಿಯೆಲ್ಲ ಬೆವೆತು ಎದ್ದು ಕೂತಿದ್ದ ಅತ್ತೆಯರು ಹೇಳುತ್ತಾರೆ. ನಗರದಿಂದ ಆರೋಗ್ಯದ ಭಾಷಣ ಮಾಡಲು ಬರುವ ಓದಿದವರೂ ‘ನಿಮ್ಮದೇ ನಿಜವಾದ ಸಹಜ ಜೀವನ, ನಮಗೆ ನೀವು ಕಲಿಸಬೇಕು’ ಎಂದು ಕೈಮುಗಿದು ಕಾರು ಹತ್ತುತ್ತಾರೆ. ನನಗೆ ಹೆಚ್ಚು ಸಿಟ್ಟು ಬರುವುದು ಈ ಭಾಷಣಕಾರರ ಮೇಲೆ. ಅವರ ಹೊಗಳಿಕೆ ಕೇಳಿದ ಮೇಲೆ ನಮ್ಮ ಹೆಂಗಸು ನರಳುವುದಕ್ಕೂ ನಾಚುತ್ತಾಳೆ.

ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಹೆಂಗಸರಿಗೆ ಆ ಸಹಜ ಊಟವೂ ಸಿಗುತ್ತಿಲ್ಲ, ಆ ಸಹಜ ನಿದ್ದೆಯೂ ಸಿಗುತ್ತಿಲ್ಲ. ಎರಡೂ ಇವೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವುದರಿಂದಲೇ ಅವು ಅವರಿಗೆ ಸಿಗದ ಹಾಗಾಗಿದೆ.

ಮೊದಲು ರಾಗಿಯ ವಿಷಯ ತೀರಿಸಿಬಿಡೋಣ. ರಾಗಿಯ ಮೇಲೆ ನನಗೆ ಜಗಳವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಆ ಲೆಕ್ಕಕ್ಕೆ ರಾಗಿ ದೊಡ್ಡದೇ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ತಲಾ ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ ಉಂಡರೂ ಏಳುನೂರು. ಅದರಲ್ಲೂ ರಾಗಿಯ ಫೈಟೇಟ್ ಅಂಶ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಇನ್ನೂ ಕಡಿಮೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಇದು ನಮ್ಮ ಹೆಂಗಸರಿಗೆ ಗೊತ್ತಿಲ್ಲದ್ದೇನಲ್ಲ; ಮೊಮ್ಮಗುವಿನ ಸರಿಹಿಟ್ಟಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸುವುದು ಅವರೇ. ಅದರಲ್ಲಿ ಒಂದು ಲೋಟ ತನಗೂ ಕಾಯಿಸಿಕೊಂಡು ಕುಡಿಯಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ.

ಇನ್ನು ಪ್ರೋಟೀನ್. ನೂರು ಗ್ರಾಂ ರಾಗಿಯಲ್ಲಿ ಏಳು ಗ್ರಾಂ ಇದೆ. ಐವತ್ತೈದು ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ. ಉಳಿದದ್ದು ಬರಬೇಕಾದದ್ದು ಹುರುಳಿ, ಅವರೆ, ಅಲಸಂದೆ, ಹಾಲು, ಮೊಟ್ಟೆ, ಮಾಂಸದಿಂದ. ಅವು ಯಾರ ತಟ್ಟೆಗೆ ಹೋಗುತ್ತವೆ ಎಂದು ನೋಡಿ. ಬಸ್ಸಾರು ಮಾಡುವ ಮನೆಯಲ್ಲಿ ಬಸಿದ ನೀರು ಸಾರಾಗುತ್ತದೆ, ಬೆಂದ ಕಾಳೂ ಸೊಪ್ಪೂ ಪಲ್ಯವಾಗುತ್ತದೆ. ಪಲ್ಯವನ್ನು ಮೊದಲ ಪಂಕ್ತಿಗೆ ಬಡಿಸುತ್ತಾರೆ. ಎಲ್ಲರೂ ಎದ್ದ ಮೇಲೆ ಮುದ್ದೆಯ ಜೊತೆ ಅವಳಿಗೆ ಉಳಿಯುವುದು ತಿಳಿಸಾರು. ಕೋಳಿ ಕೊಯ್ದ ದಿನವೂ ಇದೇ ಕ್ರಮ. ಕಾಳುಸೊಪ್ಪಿನ ಹಿರಿಮೆಯನ್ನು ಹಾಡುವವರು ಆ ಪಾತ್ರೆಯ ತಳದಲ್ಲಿ ಕೊನೆಗೆ ಏನಿತ್ತು ಎಂದು ಬಗ್ಗಿ ನೋಡಬೇಕು.

ಹಾಲಿನದು ಇನ್ನೂ ನೋಯಿಸುವ ಕಥೆ. ಈ ಸೀಮೆಯಲ್ಲಿ ಹಸು ಕಟ್ಟದ ರೈತರ ಮನೆ ಕಡಿಮೆ. ಬೆಳಗಿನ ಜಾವಕ್ಕೆ ಎದ್ದು ಸಗಣಿ ಬಾಚಿ, ಹಿಂಡಿ ಇಟ್ಟು, ಹಾಲು ಕರೆಯುವವಳು ಅವಳೇ. ಕ್ಯಾನು ಡೇರಿಗೆ ಹೋಗುತ್ತದೆ, ಸಾಯಂಕಾಲ ಇನ್ನೊಂದು ಸಲ ಹೋಗುತ್ತದೆ. ಮನೆಗೆ ಉಳಿಸಿಕೊಂಡದ್ದು ಕಾಫಿಗೆ, ಮೊಮ್ಮಕ್ಕಳಿಗೆ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಂದರೆ ಆ ಎರಡು ಮುದ್ದೆಯ ಮೇಲೆ ಒಂದು ದೊಡ್ಡ ಲೋಟ ಹಾಲು ಅಥವಾ ಮಜ್ಜಿಗೆ, ಒಂದು ಹಿಡಿ ನುಗ್ಗೆಸೊಪ್ಪು ಅಥವಾ ದಂಟಿನಸೊಪ್ಪು, ಒಂದು ಚಮಚ ಎಳ್ಳು ಸೇರಿದರೆ ಅವಳ ದಿನದ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತದೆ. ಇದಕ್ಕೆ ಯಾವ ಡಬ್ಬಿಯೂ ಬೇಡ, ಯಾವ ಅಂಗಡಿಯೂ ಬೇಡ. ಬೇಕಾದ್ದು ಅವಳ ಹಿತ್ತಲಲ್ಲೇ ಇದೆ, ಕೊಟ್ಟಿಗೆಯಲ್ಲೇ ಇದೆ. ಅವಳ ಬಾಯಿಗೆ ಬರುತ್ತಿಲ್ಲ. ಡೇರಿಯ ದುಡ್ಡಿಲ್ಲದೆ ಸಂಸಾರ ನಡೆಯುವುದಿಲ್ಲ, ನಾನು ಅದನ್ನು ತೆಗಳುತ್ತಿಲ್ಲ. ಆದರೆ ಕಾಲು ಲೀಟರ್ ಹಾಲನ್ನು ‘ಇದು ಅವಳದು’ ಎಂದು ಎತ್ತಿಡಲಾಗದಷ್ಟು ಬಡತನ ಎಲ್ಲ ಮನೆಯಲ್ಲೂ ಇಲ್ಲ. ಹತ್ತಿರಕ್ಕೆ ವಿಮಾನ ನಿಲ್ದಾಣ ಬಂದ ಮೇಲೆ ಕಾರು ಕೊಂಡ ಮನೆಗಳಲ್ಲೂ ಅವಳ ಪಾಲಿಗೆ ಹಾಲು ಉಳಿಯುವುದಿಲ್ಲ.

ಎಲುಬಿನ ಮಾತನ್ನು ಇಷ್ಟು ಹಿಡಿದು ಕೂರುವುದಕ್ಕೆ ಕಾರಣವಿದೆ. ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷಗಳಲ್ಲಿ ಈಸ್ಟ್ರೋಜನ್ ಕುಸಿದಾಗ ಮೂಳೆಯ ಐದನೇ ಒಂದು ಪಾಲಿನವರೆಗೂ ಸವೆದುಹೋಗಬಹುದು. ಆಗ ನೋವು ಕಾಣಿಸುವುದಿಲ್ಲ. ಅರವತ್ತೈದಕ್ಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಾಗ ‘ಕಾಲು ಜಾರಿತು’ ಅನ್ನುತ್ತಾರೆ. ಜಾರಿದ್ದು ಅಂದು ಇರಬಹುದು, ಮುರಿಯುವುದು ಶುರುವಾದದ್ದು ನಲವತ್ತೇಳಕ್ಕೆ.

ಎರಡನೆಯ ವಾದ ದುಡಿಮೆಯದು. ಮೈಮುರಿದು ಗೇಯುವವಳಿಗೆ ವ್ಯಾಯಾಮದ ಮಾತೇಕೆ ಎನ್ನುತ್ತಾರೆ. ವಿಜಯಪುರದ ದುಡಿಮೆ ಎಂಥದು? ಹುಳುಮನೆಯಿಂದಲೇ ಹಿಡಿಯೋಣ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ರೇಷ್ಮೆಹುಳು ಹಣ್ಣಾಗುವವರೆಗಿನ ಆ ಒಂದು ವಾರದಲ್ಲಿ ಅದು ತನ್ನ ಇಡೀ ಬಾಳಿನ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲನ್ನು ತಿನ್ನುತ್ತದೆ. ಹೊಲದಿಂದ ಹಿಪ್ಪುನೇರಳೆ ಕಡ್ಡಿ ತರುವುದು, ರಾತ್ರಿ ಎದ್ದು ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಚಂದ್ರಿಕೆಗೆ ಬಿಡುವುದು; ಇದರಲ್ಲಿ ಹೆಂಗಸಿನ ಕೈ ಬಿಡುವಂತಿಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಮೊದಲೇ ನಿದ್ದೆ ಹರಿದುಹೋಗಿರುತ್ತದೆ. ಝಳ ಎದೆಯಿಂದ ಕತ್ತಿಗೆ, ಮುಖಕ್ಕೆ ಏರಿ, ಬೆವರು ಕಿತ್ತುಕೊಂಡು ಬಂದು, ಸೆರಗೆಲ್ಲ ನೆನೆದು, ಆಮೇಲೆ ಚಳಿ ಹತ್ತುತ್ತದೆ. ಹಾಗೆ ಎದ್ದವಳು ಮತ್ತೆ ಮಲಗುವ ಮೊದಲೇ ಹುಳುವಿಗೆ ಹೊತ್ತಾಗಿರುತ್ತದೆ. ಹುಳುಮನೆಯ ಗೋಡೆಗೆ ಉಷ್ಣಮಾಪಕ ನೇತುಹಾಕಿದ್ದಾರೆ. ಇಪ್ಪತ್ತೈದು ಡಿಗ್ರಿ ದಾಟಿ ಕಾವು ಏರುತ್ತಿದ್ದರೆ ಕಿಟಕಿಗೆ ಗೋಣಿತಾಟು ನೆನೆಸಿ ಕಟ್ಟುತ್ತಾರೆ. ಹುಳುವಿಗೆ ಉಷ್ಣವಾದರೆ ಗೂಡು ಕೆಡುತ್ತದೆ ಎಂದು ಮನೆಯವರಿಗೆಲ್ಲ ಗೊತ್ತು. ಅದೇ ಕೋಣೆಯಲ್ಲಿ ನಿಂತ ಹೆಂಗಸಿನ ಉಷ್ಣಕ್ಕೆ ‘ವಯಸ್ಸಾಯ್ತು, ಸುಮ್ನಿರು’ ಎಂಬುದೊಂದೇ ಚಿಕಿತ್ಸೆ.

ನೂಲು ಬಿಚ್ಚುವ ಕಡೆ ಇದಕ್ಕಿಂತ ಕಷ್ಟ. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು, ಬಿಸಿನೀರಿನ ಬೇಸಿನ್ನಿನಲ್ಲಿ ಬೆರಳಾಡಿಸಿ ಎಳೆ ಹುಡುಕಬೇಕು. ಮೇಲೆ ತಗಡಿನ ಮಾಡು, ಸುತ್ತ ಹಬೆ, ಬೆಂದ ಹುಳುವಿನ ವಾಸನೆ. ದಿನವಿಡೀ ಒಳಗೇ ಇರುವುದರಿಂದ ಬಿಸಿಲು ಮೈಗೆ ಬೀಳುವುದಿಲ್ಲ. ಮೂಳೆಗೆ ಕ್ಯಾಲ್ಸಿಯಂ ಹತ್ತಿಸಬೇಕಾದ ಡಿ ಜೀವಸತ್ವ ಇಷ್ಟು ಬಿಸಿಲಿನ ನಾಡಿನಲ್ಲೂ ಸಾಲುವುದಿಲ್ಲ. ಇದನ್ನು ವ್ಯಾಯಾಮ ಎನ್ನುವವರು ಒಂದು ಪಾಳಿ ಆ ಹಬೆಯಲ್ಲಿ ನಿಲ್ಲಬೇಕು. ದುಡಿಮೆ ಬೇರೆ, ವ್ಯಾಯಾಮ ಬೇರೆ ಎಂಬುದು ನನ್ನೊಬ್ಬಳ ಮಾತಲ್ಲ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನ ವೇಳೆಯ ಚಟುವಟಿಕೆ ಹೆಚ್ಚಿದ್ದವರಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತು. ಕೆಲಸದ ಜಾಗದ ಮೈದುಡಿಮೆ ಹೆಚ್ಚಿದ್ದವರಲ್ಲಿ ಅದು ಜಾಸ್ತಿ ಕಂಡಿತು. ತನ್ನಿಷ್ಟಕ್ಕೆ ಶುರುಮಾಡಿ, ದಣಿದಾಗ ನಿಲ್ಲಿಸಿ, ತಿಂದು ಮಲಗಿದರೆ ಮೈ ಗಟ್ಟಿಯಾಗುತ್ತದೆ. ನಿಲ್ಲಿಸುವ ಹಕ್ಕಿಲ್ಲದ ಕಡೆ ಮೈ ಸವೆಯುತ್ತದೆ.

ಬೆಂಗಳೂರು ಹೊರವಲಯದ ಜಿಗಣಿಯ ಎಸ್‌-ವ್ಯಾಸ ಯೋಗ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಯೋಗದ ಗುರುಗಳು ಆಗಾಗ ಎತ್ತಿ ಹೇಳುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನ 120 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಟು ವಾರ ಯೋಗ ಮಾಡಿಸಿದರು. ಆ ಗುಂಪಿನಲ್ಲಿ ಝಳವೂ ರಾತ್ರಿ ಬೆವರೂ ಮನಸ್ಸಿನ ಒತ್ತಡವೂ ಇಳಿದವು. ಒಳ್ಳೆಯ ಸುದ್ದಿ, ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ಅಲ್ಲಿ ಅವರು ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಕೂತಿದ್ದರು. ವಿಜಯಪುರದ ಬೇಸಿನ್ನಿನ ಮುಂದಿರುವ ನಲವತ್ತೆಂಟರ ಹೆಂಗಸಿಗೆ ಆ ಒಂದು ಗಂಟೆಯನ್ನು ಯಾರು ಕೊಡುತ್ತಾರೆ? ಸಹಜ ಚಿಕಿತ್ಸೆ ಪುಕ್ಕಟೆ ಎನ್ನುವವರು ಅದರ ಬೆಲೆಯನ್ನು ರೂಪಾಯಿಯಲ್ಲಿ ಎಣಿಸಿ ನೋಡಿದ್ದಾರೆ. ಹೊತ್ತಿನಲ್ಲಿ ಎಣಿಸಿದರೆ ಅದು ಇವಳಿಗೆ ಎಟುಕದಷ್ಟು ದುಬಾರಿ.

ಹಳ್ಳಿಯ ಬದುಕೇ ಕಾಪಾಡುತ್ತದೆ ಎಂಬುದು ನಿಜವಾಗಿದ್ದರೆ ಲೆಕ್ಕದಲ್ಲಿ ಅದು ಕಾಣಬೇಕಿತ್ತು. ಕಾಣುವುದು ತಿರುಗುಮುರುಗು. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ನಮ್ಮ ದೇಶದಲ್ಲಿ 46ರ ಹತ್ತಿರ. ಸಂಶೋಧಕರಾದ ಟಿ.ಎಸ್. ಶ್ಯಾಮಲಾ ಮತ್ತು ಎಂ. ಶಿವಕಾಮಿ 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಹಿಡಿದು 2005ರಲ್ಲಿ ಬರೆದ ಲೇಖನ ಇನ್ನೂ ಮುಂದೆ ಹೋಗುತ್ತದೆ. ಹೊತ್ತಿಗೆ ಮುಂಚೆಯೇ ಮುಟ್ಟು ನಿಲ್ಲುವುದು ಹೆಚ್ಚು ಕಂಡದ್ದು ಹಳ್ಳಿಯವರಲ್ಲಿ, ಓದದವರಲ್ಲಿ, ಬಡವರಲ್ಲಿ, ಹೊಲದಲ್ಲಿ ದುಡಿಯುವವರಲ್ಲಿ. ನಾವು ಯಾರನ್ನು ‘ಇವರಿಗೇನಾಗ್ತದೆ’ ಅನ್ನುತ್ತೇವೋ ಅವರಲ್ಲೇ. ಬೇಗ ನಿಂತಷ್ಟೂ ಮೂಳೆಗೂ ಹೃದಯಕ್ಕೂ ಈಸ್ಟ್ರೋಜನ್ನಿನ ಆಸರೆ ಇಲ್ಲದ ವರ್ಷಗಳು ಹೆಚ್ಚುತ್ತವೆ.

ಇನ್ನೊಂದು ಮಾತು. ಆ ಸಮೀಕ್ಷೆ ಹೆಂಗಸರನ್ನು ಎಣಿಸುವುದು 15ರಿಂದ 49ರವರೆಗೆ. 2019-20ರಲ್ಲಿ ಕರ್ನಾಟಕದ ಆ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಐವತ್ತು ತುಂಬಿದ ಮರುದಿನ ಆಕೆ ಆ ಲೆಕ್ಕದಿಂದಲೇ ಹೊರಗೆ. 2025ರಲ್ಲಿ ರಾಜ್ಯ ಸರ್ಕಾರ ತಂದ ಮುಟ್ಟಿನ ರಜೆಯ ನೀತಿಗೂ ವಯಸ್ಸಿನ ಮಿತಿ 18ರಿಂದ 52. ಹೆರುವ ಹೆಂಗಸಿಗೆ ತಾಯಿ ಕಾರ್ಡ್ ಇದೆ, ಕಬ್ಬಿಣದ ಮಾತ್ರೆ ಇದೆ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಇದ್ದಾಳೆ. ಹೆರಿಗೆ ಮುಗಿಸಿದವಳ ಮೈಯ ಗೊಡವೆ ನಮ್ಮ ಮನೆಗಳಿಗೂ ಇಲ್ಲ, ಸರ್ಕಾರಕ್ಕೂ ಇಲ್ಲ.

ಈ ಖಾಲಿ ಜಾಗಕ್ಕೆ ನುಗ್ಗಿದವರು ಇಬ್ಬರು. ಒಬ್ಬ ಪುಡಿ ಮಾರುವವನು. ಶತಾವರಿ, ಸೋಯಾ, ಹೆಸರು ಹೇಳದ ಬೇರು, ಎಲ್ಲಕ್ಕೂ ‘ಪೂರ್ತಿ ನೈಸರ್ಗಿಕ, ಅಡ್ಡಪರಿಣಾಮ ಇಲ್ಲ’ ಎಂಬ ಚೀಟಿ. ಈ ವಿಷಯದಲ್ಲಿ ತಜ್ಞರೆನಿಸಿದ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಹಾರ್ಮೋನಿಲ್ಲದ ಚಿಕಿತ್ಸೆಗಳನ್ನೆಲ್ಲ ಒರೆಗೆ ಹಚ್ಚಿತು. ಝಳಕ್ಕೆ ಸೋಯಾವನ್ನಾಗಲಿ ಗಿಡಮೂಲಿಕೆಯ ಪೂರಕಗಳನ್ನಾಗಲಿ ಅದು ಶಿಫಾರಸು ಮಾಡಲಿಲ್ಲ. ಯೋಗಕ್ಕೂ ಪುರಾವೆ ಸಾಲದು ಎಂದಿತು. ಆಪ್ತಸಮಾಲೋಚನೆಯ ಒಂದು ಬಗೆಗೂ ಕೆಲವು ಮಾತ್ರೆಗಳಿಗೂ ತೂಕ ಇಳಿಸುವುದಕ್ಕೂ ಒಪ್ಪಿಗೆ ಕೊಟ್ಟಿತು. ಜಿಗಣಿಯ ಅಧ್ಯಯನಕ್ಕೂ ಇದಕ್ಕೂ ಹೊಂದುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಯೋಗದಿಂದ ಮನಸ್ಸಿಗೂ ನಿದ್ದೆಗೂ ಒಳ್ಳೆಯದಾಗುವುದಾದರೆ ಮಾಡಲಿ, ಝಳ ನಿಂತೇ ನಿಲ್ಲುತ್ತದೆ ಎಂಬ ಆಣೆ ಮಾತ್ರ ಬೇಡ. ಎಳನೀರು, ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜದ ಪಾನಕವನ್ನೂ ನಾನು ಹೀಗೆಯೇ ಕಾಣುತ್ತೇನೆ. ಬಾಯಾರಿಕೆಗೆ ಹಿತ, ಕುಡಿಯಲಿ.

ನೈಸರ್ಗಿಕವಾದದ್ದು ಮೈಗೆ ಏನೂ ಮಾಡುವುದಿಲ್ಲ ಎಂಬ ಮಾತಿಗೆ ನಮ್ಮ ತೋಟದಲ್ಲೇ ಉತ್ತರ ತೂಗುತ್ತಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತ ನಮ್ಮ ಹೆಮ್ಮೆ. ಆದರೆ ಚಕ್ಕೋತದಲ್ಲೂ ಅದರ ಸಂತತಿಯಾದ ಗ್ರೇಪ್‌ಫ್ರೂಟಿನಲ್ಲೂ ಇರುವ ಫ್ಯುರಾನೊಕೌಮರಿನ್ ಎಂಬ ಅಂಶ ಕೊಲೆಸ್ಟ್ರಾಲಿನ ಕೆಲವು ಮಾತ್ರೆಗಳನ್ನೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನೂ ಕರುಳಿನಲ್ಲಿ ಒಡೆಯಗೊಡದೆ ರಕ್ತದಲ್ಲಿ ಅವುಗಳ ಪ್ರಮಾಣ ಏರಿಸಬಲ್ಲದು. ಐವತ್ತರ ಹೆಂಗಸರಲ್ಲಿ ಎಷ್ಟು ಮಂದಿ ಆ ಮಾತ್ರೆ ನುಂಗುತ್ತಿಲ್ಲ? ಬರಿಯ ಹಣ್ಣಿಗೇ ಇಷ್ಟು ಶಕ್ತಿ ಇರುವಾಗ, ಒಳಗೇನಿದೆ ಎಂದು ಬರೆಯದ ಪುಡಿಯನ್ನು ಹೇಗೆ ನಂಬುವುದು?

ಖಾಲಿ ಜಾಗಕ್ಕೆ ಬಂದ ಎರಡನೆಯವನು ಕತ್ತರಿ ಹಿಡಿದು ಬಂದ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಸ್ರಾವ ಏರುಪೇರಾಗುತ್ತದೆ, ಕೆಲವರಿಗೆ ವಿಪರೀತ ಹೋಗುತ್ತದೆ. ವರ್ಷಗಟ್ಟಲೆ ‘ಸಹಜ’ ಎಂದು ತಳ್ಳಿಹಾಕಿ, ತಡೆಯಲಾಗದೆ ಆಸ್ಪತ್ರೆಗೆ ಹೋದ ದಿನ ‘ಮಕ್ಕಳಾದವಲ್ಲ, ಗರ್ಭಕೋಶ ತೆಗೆಸಿಬಿಡಿ, ಕ್ಯಾನ್ಸರ್ ಆದೀತು’ ಎಂಬ ಮಾತಿಗೆ ಮನೆಯವರು ತಲೆಯಾಡಿಸುತ್ತಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧ ಬೀದಿಗಿಳಿದಿದ್ದರು. ಅವರಲ್ಲಿ ಎಷ್ಟೋ ಮಂದಿ ನಲವತ್ತು ಕೂಡ ದಾಟದವರು. ಡಾ. ನರೇಂದ್ರ ಗುಪ್ತಾ ಅವರು 2013ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಇದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು. ಅಂಡಾಶಯವನ್ನೂ ಸೇರಿಸಿ ತೆಗೆದರೆ ಹೆಂಗಸು ಒಂದೇ ದಿನದಲ್ಲಿ ಮುಟ್ಟು ನಿಂತವಳಾಗುತ್ತಾಳೆ. ನಿಧಾನವಾಗಿ ಬರಬೇಕಾದ ಝಳ, ಮೂಳೆ ಸವೆತ ಎಲ್ಲ ಒಟ್ಟಿಗೇ ಎರಗುತ್ತವೆ. ‘ಏನೂ ಮಾಡಬೇಡ’ ಎಂಬವರೂ ‘ಕಿತ್ತು ಬಿಸಾಕು’ ಎಂಬವರೂ ನನಗೆ ಎದುರಾಳಿಗಳಾಗಿ ಕಾಣುವುದಿಲ್ಲ. ಮೊದಲನೆಯವರು ಹತ್ತು ವರ್ಷ ಕಾಯಿಸಿ ಎರಡನೆಯವರ ಕೈಗೆ ಒಪ್ಪಿಸುತ್ತಾರೆ.

ಊಟದಿಂದ ಆಗದ್ದನ್ನೂ ಹೇಳಲೇಬೇಕು. ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಅದು ‘ಉಷ್ಣ’ ಅಲ್ಲ. ಆ ವಾರವೇ ವೈದ್ಯರಿಗೆ ತೋರಿಸಬೇಕು. ಹಾಗೆ ಬಂದ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ, ಬೇಗ ಸಿಕ್ಕರೆ ಬಹುಪಾಲು ವಾಸಿಯಾಗುತ್ತದೆ. ಮೂತ್ರದ ಉರಿ, ಗಂಡನ ಜೊತೆಗಿನ ನೋವು, ಯಾರ ಹತ್ತಿರವೂ ಹೇಳಿಕೊಳ್ಳದ ಈ ಎರಡಕ್ಕೆ ಯಾವ ಸೊಪ್ಪಿನಲ್ಲೂ ಮದ್ದಿಲ್ಲ; ಹಚ್ಚಿಕೊಳ್ಳುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮಿನಲ್ಲಿದೆ. ಕೀಲುನೋವೆಲ್ಲ ಮುಟ್ಟಿನದೇ ಎಂದು ಕೂರುವಂತಿಲ್ಲ. ಆಳದ ಬೋರ್‌ವೆಲ್ ನೀರಿನ ಫ್ಲೋರೈಡೂ ಥೈರಾಯ್ಡೂ ಅದೇ ನೋವು ಕೊಡುತ್ತವೆ.

ಹಾರ್ಮೋನ್ ಚಿಕಿತ್ಸೆ ಎಂದರೆ ಸಾಕು ‘ಕ್ಯಾನ್ಸರ್’ ಎನ್ನುತ್ತಾರೆ. ಆ ಭಯ ಹುಟ್ಟಿದ್ದು 2002ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದಾಗ. ಎರಡು ಹಾರ್ಮೋನು ಸೇರಿಸಿ ಕೊಟ್ಟ ಗುಂಪಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಎಂಟು ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತ್ತು, ಅಲ್ಲಿದ್ದವರ ಸರಾಸರಿ ವಯಸ್ಸು 63. ಆ ಅಂಕಿಗಳನ್ನು ವಯಸ್ಸುವಾರು ಮತ್ತೆ ತೂಗಿದ ಮೇಲೆ ವೈದ್ಯರು ಈಗ ಹೇಳುವುದು ಬೇರೆ: ಅರವತ್ತರ ಒಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನ, ಝಳದಿಂದ ಬದುಕು ಕೆಟ್ಟ ಆರೋಗ್ಯವಂತ ಹೆಂಗಸಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಪಾರ್ಶ್ವವಾಯು ಹೊಡೆದವರಿಗೆ, ಕಾರಣ ತಿಳಿಯದ ಸ್ರಾವ ಇರುವವರಿಗೆ ಅದು ಸಲ್ಲದು. ಎಲ್ಲರೂ ಅದನ್ನು ತೆಗೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಬೇಕೋ ಬೇಡವೋ ಎಂದು ಕೇಳಿ ನಿರ್ಧರಿಸುವ ಅವಕಾಶ ದೇವನಹಳ್ಳಿ ರಸ್ತೆಯ ಅಪಾರ್ಟ್‌ಮೆಂಟಿನವಳಿಗೆ ಇರುವಷ್ಟು ವಿಜಯಪುರದ ರೀಲಿಂಗ್ ಶೆಡ್ಡಿನವಳಿಗೂ ಇರಬೇಕು.

ಮುಟ್ಟು ನಿಂತದ್ದನ್ನು ಬಿಡುಗಡೆ ಎಂದು ಕಂಡ ಹೆಂಗಸರು ನಮ್ಮಲ್ಲಿ ಬಹಳ ಇದ್ದಾರೆ. ಬಟ್ಟೆ ಒಗೆಯುವ ಕಾಟ ತಪ್ಪಿತು, ದೇವರ ಮನೆಗೆ ಹೋಗಲು ಅಡ್ಡಿಯಿಲ್ಲ, ಜಾತ್ರೆಗೆ ಲೆಕ್ಕ ಹಾಕಬೇಕಿಲ್ಲ. ಆ ಸಂತೋಷ ನಿಜ, ಅದನ್ನು ಕಾಯಿಲೆ ಎಂದು ಕರೆದು ಹೆದರಿಸಬಾರದು. ಆದರೆ ಆ ಸಂತೋಷವನ್ನು ಮುಂದಿಟ್ಟುಕೊಂಡು ನರಳುವವಳ ಬಾಯಿ ಮುಚ್ಚಿಸಬಾರದು.

ಆಗಬೇಕಾದ್ದು ಇಷ್ಟು. ಡೇರಿಗೆ ಕ್ಯಾನು ಹೋಗುವ ಮುಂಚೆ ಅವಳ ಪಾಲಿನ ಹಾಲು ಪಕ್ಕಕ್ಕೆ ಬರಲಿ. ಪಲ್ಯವನ್ನು ಅವಳಿಗೂ ಎತ್ತಿಟ್ಟು ಉಳಿದವರು ಉಣ್ಣಲಿ. ಹುಳು ಹಣ್ಣಾಗುವ ವಾರದಲ್ಲಿ ರಾತ್ರಿಯ ಸೊಪ್ಪನ್ನು ಗಂಡ, ಮಗ ಸರದಿಯ ಮೇಲೆ ಹಾಕಲಿ. ರೀಲಿಂಗ್ ಘಟಕದ ಮಾಲೀಕರು ಬೇಸಿನ್ನಿನ ಮೇಲೆ ಹಬೆ ಎಳೆಯುವ ಫ್ಯಾನು, ಕೂರಲು ಕುರ್ಚಿ, ಮಧ್ಯೆ ಬಿಸಿಲಿಗೆ ಹೋಗಿಬರುವಷ್ಟು ಬಿಡುವು ಕೊಡಲಿ. ಇದಕ್ಕೆ ನೂಲಿನ ಬೆಲೆ ಕುಸಿಯುವುದಿಲ್ಲ. ವಿಜಯಪುರದ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ನಲವತ್ತೈದು ದಾಟಿದ ಹೆಂಗಸರಿಗೆಂದೇ ಮೀಸಲಾಗಿರಲಿ: ರಕ್ತ, ಒತ್ತಡ, ಸಕ್ಕರೆ, ಥೈರಾಯ್ಡ್ ನೋಡಿ, ಗರ್ಭಕಂಠದ ಪರೀಕ್ಷೆ ಮಾಡಿ, ಬಾಗಿಲು ಹಾಕಿಕೊಂಡು ಅವಳ ಮಾತು ಕೇಳಿಸಿಕೊಳ್ಳುವ ಒಬ್ಬ ಡಾಕ್ಟರಮ್ಮ ಅಲ್ಲಿರಲಿ. ಪುರಸಭೆಯ ಸದಸ್ಯರು ಮುಂದಿನ ಸಲ ಆರೋಗ್ಯ ಶಿಬಿರಕ್ಕೆ ಶಾಮಿಯಾನ ಹಾಕಿಸುವಾಗ ಈ ಮಧ್ಯಾಹ್ನವನ್ನು ತಾಲ್ಲೂಕು ಆರೋಗ್ಯಾಧಿಕಾರಿಯ ಮುಂದೆ ಬಾಯಿಬಿಟ್ಟು ಕೇಳಲಿ. ಸ್ತ್ರೀಶಕ್ತಿ ಸಂಘಗಳವರು ಅರ್ಜಿ ಬರೆದು ಕೊಡುವುದಾದರೆ ಮೊದಲ ಸಹಿ ನನ್ನದು.